ಜೋಡಬೇವನಾಳಕ್ಕೆ ಬಸ್ಸು ಬಂದ ಬಗೆ

ಏನೂ ನಡೆಯದಿರುವುದನ್ನು ಬಿಳಿಯ ಪರದೆಯ ಮೇಲೆ ಎರಡು ತಾಸು ತೋರಿಸಿದರೆ ಅದಕ್ಕೆ ಕಲೆಯೆಂದು ಹೆಸರು. ಅದನ್ನೇ ಒಂದು ಊರಿಗೆ ಇಪ್ಪತ್ತು ವರ್ಷ ತೋರಿಸಿದರೆ ಅದಕ್ಕೆ ಆಡಳಿತವೆಂದು ಹೆಸರು. ಈ ಎರಡೂ ಒಂದೇ ದಿನ ಒಂದೇ ರಸ್ತೆಯಲ್ಲಿ ಎದುರುಬದುರಾದರೆ ಏನಾಗುತ್ತದೆಂಬುದನ್ನು ತಿಳಿಯಬಯಸುವವರು ಸಿಂದಗಿ ತಾಲ್ಲೂಕಿನ ಜೋಡಬೇವನಾಳದ ಚರಿತ್ರೆಯನ್ನು ಓದತಕ್ಕದ್ದು.

ನಾನು ಆ ಊರಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ. ಶಾಲೆಗೆ ನಾನೊಬ್ಬನೇ ಉಪಾಧ್ಯಾಯನಾದ್ದರಿಂದ ಮುಖ್ಯನೂ ನಾನೇ. ಮುಖ್ಯ ಘಟನೆ ನಡೆದ ದಿನ ನಾನು ಬಸವನ ಬಾಗೇವಾಡಿಯಲ್ಲಿ ಶಿಕ್ಷಕರ ಬೇಸಿಗೆ ಶಿಬಿರದಲ್ಲಿದ್ದೆ. ಆದುದರಿಂದ ಆ ದಿನದ ವೃತ್ತಾಂತವನ್ನು ಊರವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿ, ಸುಳ್ಳನ್ನು ಸೋಸಿ ಬರೆದಿದ್ದೇನೆ. ಸೋಸಿದ ಮೇಲೆ ಉಳಿದದ್ದು ಸ್ವಲ್ಪ. ಆದರೆ ನಾಚಿಕೆಪಡಲು ಅಷ್ಟು ಸಾಕು.

ಜೋಡಬೇವನಾಳಕ್ಕೆ ಬಸ್ಸಿರಲಿಲ್ಲ. ಪ್ರತಿ ಚುನಾವಣೆಯಲ್ಲಿಯೂ ಭಾಷಣದೊಳಗೆ ಒಂದು ಬಸ್ಸು ಬರುತ್ತಿತ್ತು. ಭಾಷಣ ಮುಗಿದೊಡನೆ ಹೋಗುತ್ತಿತ್ತು. ಸಿಂದಗಿಗೆ ಮೂರು ಹರದಾರಿ. ಎರಡು ಬೇವಿನ ಮರಗಳ ನಡುವಿನ ಕಟ್ಟೆಯ ಮೇಲೆ ಕುಳಿತು, ಬಾರದ ಬಸ್ಸು ಯಾವ ಬಣ್ಣದ್ದಿರಬಹುದೆಂದು ವಾದಿಸುವುದು ಊರ ಹಿರಿಯರ ನಿತ್ಯಕರ್ಮವಾಗಿತ್ತು.

ಈ ವಾದಸಭೆಯ ಅಧ್ಯಕ್ಷ ಶಂಕ್ರೆಪ್ಪ. ಅವನಿಗೆ ಮೂರು ಎಕರೆ ಎರೆಹೊಲವೂ ಕಲೆಯ ವಿಷಯದಲ್ಲಿ ಅಪಾರ ಜ್ಞಾನವೂ ಇದ್ದವು. ಹೊಲವನ್ನು ಹೆಂಡತಿ ರುಕ್ಮವ್ವ ನೋಡಿಕೊಳ್ಳುತ್ತಿದ್ದಳು. ಜ್ಞಾನವನ್ನು ಅವನೇ ನೋಡಿಕೊಳ್ಳುತ್ತಿದ್ದ. ಬಿಜಾಪುರದಲ್ಲಿ ಮೂರು ಸಿನೆಮಾ ಕಂಡವನು. ಅದಕ್ಕಿಂತ ಹೆಚ್ಚಾಗಿ, ಊರ ಬಯಲಾಟದಲ್ಲಿ ಒಮ್ಮೆ ದ್ವಾರಪಾಲಕನಾಗಿ ಈಟಿ ಹಿಡಿದು ಬೆಳಗಿನವರೆಗೆ ನಿಂತವನು. ಒಂದೂ ಮಾತಿಲ್ಲದ ಆ ಪಾರ್ಟನ್ನು ಒಂದೂ ತಪ್ಪಿಲ್ಲದೆ ಮಾಡಿದೆನೆಂದು ಹೇಳಿಕೊಳ್ಳದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನ ಮಗಳು ರೇಣವ್ವ ಆ ವರ್ಷ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ತಾಲ್ಲೂಕಿಗೆ ಎರಡನೆಯವಳಾಗಿ ಪಾಸಾಗಿದ್ದಳು. ಮುಂದಿನ ಓದಿಗೆ ಸಿಂದಗಿಯ ಹೈಸ್ಕೂಲೇ ಗತಿ. ಬಸ್ಸಿಲ್ಲದೆ ಹುಡುಗಿಯನ್ನು ಕಳಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಶಂಕ್ರೆಪ್ಪನ ಅಕ್ಕ ದುರ್ಗವ್ವ ಮುದ್ದೇಬಿಹಾಳದಿಂದ ಹೊತ್ತು ತಂದಳು. ಅವಳ ಮಗ ಸೋಮನಿಂಗ ಅದೇ ಮುಲ್ಕಿಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪರೀಕ್ಷೆಗೆ ಕ್ಷಮೆ ನೀಡಿ ಮನೆಯಲ್ಲಿದ್ದ.

“ತಮ್ಮಾ, ಹೆಣ್ಣು ಮನ್ಯಾಗ, ಗಂಡು ಮನ್ಯಾಗ. ಹೊರಗ ಹುಡುಕೂದ್ಯಾಕ? ಅಕ್ಕಿಕಾಳು ಹಾಕಿಬಿಡೂಣು,” ಎಂದಳು ದುರ್ಗವ್ವ.

“ಅಕ್ಕಾರ, ಹುಡಿಗಿಗೆ ಹದಿಮೂರು,” ಎಂದಳು ರುಕ್ಮವ್ವ. “ಬಸ್ಸು ಬಂತಂದ್ರ ಸಾಲಿಗೆ ಹೋಗ್ತಾಳ.”

“ಬಸ್ಸು ಬರೂತನಾ ಕಾಯೂದಾದ್ರ ನನ್ನ ಮೊಮ್ಮಗನ ಲಗ್ನಾನೂ ಆಗ್ತೈತಿ ನೋಡವ್ವಾ!”

ಕೊನೆಗೆ ಒಪ್ಪಂದವಾಯಿತು. ಶಾಲೆಗಳು ತೆರೆಯುವುದರೊಳಗೆ ಬಸ್ಸು ಬಂದರೆ ಹೈಸ್ಕೂಲು, ಬಾರದಿದ್ದರೆ ಸೋಮನಿಂಗ. ಒಂದು ಬಾಲಿಕೆಯ ಭವಿಷ್ಯವನ್ನು ಸರ್ಕಾರಿ ವಾಹನದ ಮೇಲೆ ಪಣವಿಟ್ಟ ಈ ಒಪ್ಪಂದವನ್ನು ನಾನು ಖಂಡಿಸಿದೆ. ದುರ್ಗವ್ವ ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟು, “ನೀವು ಸಾಲಿ ಕಲಿಸ್ರಿ ಮಾಸ್ತರ,” ಎಂದಳು.

ಇಂಥ ಸಮಯದಲ್ಲಿ ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ಬಂದಿಳಿದರು. ಗಡ್ಡ, ಖಾದಿ ಜುಬ್ಬ, ಹೆಗಲಿಗೆ ಜೋಳಿಗೆ. ಬಾರದ ಬಸ್ಸಿಗೆ ಕಾಯುವ ಜನರ ಕುರಿತು ಅವರೊಂದು ಚಿತ್ರ ತೆಗೆಯುವವರಿದ್ದರು. ಅಂಥ ಜನರನ್ನು ಹುಡುಕುತ್ತ ಇಂಡಿ, ಮುದ್ದೇಬಿಹಾಳಗಳನ್ನೆಲ್ಲ ಸುತ್ತಿದರಂತೆ. ಅಲ್ಲಿ ದೌರ್ಭಾಗ್ಯವಶಾತ್ ಬಸ್ಸುಗಳು ಬರುತ್ತಿದ್ದವಂತೆ. ಜೋಡಬೇವನಾಳದ ಕಟ್ಟೆಯನ್ನು ಕಂಡೊಡನೆ ಅವರ ಕಣ್ಣಲ್ಲಿ ನೀರು ಬಂತು.

ಊರವರು ಸುತ್ತುವರಿದು ವಿಚಾರಿಸಿದರು.

“ಹಾಡು ಎಷ್ಟು ಅದಾವ್ರಿ ಸಾಹೇಬ್ರ?”

“ಹಾಡಿಲ್ಲ.”

“ಬಡಿದಾಟ?”

“ಇಲ್ಲ. ಇದು ಹೊಸ ಬಗೆಯ ಚಿತ್ರ. ಇದರಲ್ಲಿ ಏನೂ ನಡೆಯುವುದಿಲ್ಲ. ಜನ ಕಾಯುತ್ತಾರೆ, ಅಷ್ಟೆ.”

“ಕಡೀಕಾದ್ರೂ ಬಸ್ಸು ಬರ್ತೈತೋ ಇಲ್ರಿ?” ಎಂದು ಕೇಳಿದವನು ಮಡಿವಾಳಪ್ಪ, ಊರಿನ ಅತಿ ಹಿರಿಯ.

“ಬರುವುದಿಲ್ಲ.”

“ಹಂಗಾರ ಇದು ಸಿನೆಮಾ ಅಲ್ರಿ,” ಎಂದ ಮಡಿವಾಳಪ್ಪ, “ನಮ್ಮೂರು.”

ಆದರೆ ಶಂಕ್ರೆಪ್ಪ ಮುಂದೆ ಬಂದು ಕೈಮುಗಿದ. “ಸಾಹೇಬ್ರ, ಇವರಿಗೆ ಕಲಾ ತಿಳಿಯಂಗಿಲ್ರಿ. ಮಾತಿಲ್ಲದ ಪಾರ್ಟು ಅಂದ್ರ ನನಗ ಬಿಡ್ರಿ.”

ನಿರ್ದೇಶಕರು ಅವನ ಗದ್ದವನ್ನು ಹಿಡಿದೆತ್ತಿ ಬಹಳ ಹೊತ್ತು ನೋಡಿದರು. “ಅದ್ಭುತ! ಈ ಮುಖದಲ್ಲಿ ಶತಮಾನಗಳ ನಿರೀಕ್ಷೆಯಿದೆ.”

“ನಿರೀಕ್ಷೆ ಅಲ್ರಿ,” ಎಂದಳು ಹೊಲಕ್ಕೆ ಹೊರಟಿದ್ದ ರುಕ್ಮವ್ವ. “ಮುಂಜಾನಿಂದ ಚಾ ಸಿಕ್ಕಿಲ್ಲ. ಅದಕ್ಕ ಹಂಗ ಕಾಣ್ತಾನ.”

ಶಂಕ್ರೆಪ್ಪ ಅಂದಿನಿಂದ ನಾಯಕನಾದ. ಗಡ್ಡ ಬೋಳಿಸಿಕೊಳ್ಳುವುದನ್ನು ಬಿಟ್ಟ. ಯಾರಾದರೂ ಮಾತನಾಡಿಸಿದರೆ ಅವರ ತಲೆಯಾಚೆ ನೋಡುತ್ತ ಉತ್ತರಿಸತೊಡಗಿದ. ಸಂಜೆಗಳಲ್ಲಿ ಊರವರಿಗೆ ಸಿನೆಮಾ ಶಾಸ್ತ್ರದ ಪಾಠ ನಡೆಯಿತು.

“ಸಿನೆಮಾದಾಗ ಖರೇ ಅನ್ನೂದು ಏನೂ ಇರಂಗಿಲ್ಲ. ಮಳಿ ಬಂತಂದ್ರ ಅದು ನಳದ ನೀರು. ಅರಮನಿ ಅಂದ್ರ ರಟ್ಟು. ಹೆಣ ಅಂದ್ರ ಚಾ ಕುಡದು ಬಂದು ಮಲಗಿರ್ತೈತಿ. ಏನು ಬಂದ್ರೂ ನಂಬಬ್ಯಾಡ್ರಿ. ನಂಬಿದ್ರಿ ಅಂದ್ರ ಪಾರ್ಟು ಕೆಡ್ತೈತಿ.”

ಅಜ್ಞಾನ ಅಪಾಯಕಾರಿಯೆಂದು ಮಕ್ಕಳಿಗೆ ನಾನು ಬೋಧಿಸುತ್ತ ಬಂದಿದ್ದೇನೆ. ಅರೆಜ್ಞಾನಕ್ಕೆ ಹೋಲಿಸಿದರೆ ಅಜ್ಞಾನ ಸಾಧುಪ್ರಾಣಿ ಎಂಬುದನ್ನು ಇನ್ನು ಮುಂದೆ ಸೇರಿಸಿ ಬೋಧಿಸುವೆನು.

ಶಾಲೆಗಳು ತೆರೆಯಲು ನಾಲ್ಕೇ ದಿನ ಉಳಿದಿದ್ದಾಗ ನಿರ್ದೇಶಕರು ಕೊನೆಯ ಅಪ್ಪಣೆ ಕೊಟ್ಟರು: “ನಾಳೆ ನಾನು ಗುಡ್ಡದ ಮೇಲಿಂದ, ಬಹಳ ದೂರದಿಂದ ತೆಗೆಯುತ್ತೇನೆ. ಕ್ಯಾಮೆರಾ ನಿಮಗೆ ಕಾಣುವುದಿಲ್ಲ. ಬೆಳಗಿನಿಂದ ಎಲ್ಲರೂ ಕಟ್ಟೆಯ ಮೇಲೆ ಕುಳಿತಿರಿ. ಯಾರೇ ಬರಲಿ, ಏನೇ ಆಗಲಿ, ಏಳಬೇಡಿ, ತಿರುಗಿ ನೋಡಬೇಡಿ. ದೂರದ ರಸ್ತೆಯನ್ನೇ ನೋಡುತ್ತಿರಿ.”

ಮರುದಿನ ಬೆಳಿಗ್ಗೆ ಇಡೀ ಊರು ಕಟ್ಟೆಯ ಮೇಲಿತ್ತು. ರುಕ್ಮವ್ವ ಮಾತ್ರ ಮಗಳನ್ನು ಕರೆದುಕೊಂಡು ಹೊಲದಲ್ಲಿ ಹತ್ತಿಯ ಕಟ್ಟಿಗೆ ಕೀಳುತ್ತಿದ್ದಳು. ಹೊಲದ ಕೆಲಸಕ್ಕೆ ನಟಿಸುವವರು ಯಾರೂ ಸಿಕ್ಕಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಸಿಂದಗಿಯ ಕಡೆಯಿಂದ ಧೂಳೆದ್ದಿತು. ಧೂಳಿನೊಳಗಿಂದ ಒಂದು ಬಸ್ಸು ಬಂತು. ನಿಜವಾದ, ಸರ್ಕಾರದ, ಗಾಳಿ ತುಂಬಿದ ಗಾಲಿಗಳ ಬಸ್ಸು. ಇಪ್ಪತ್ತು ವರ್ಷಗಳ ಬೇಡಿಕೆ ಯಾವುದೋ ಮೇಜಿನ ಮೇಲೆ ಕಣ್ಣು ಬಿಟ್ಟು, ಜನರಿಗೆ ಬಸ್ಸು ಬೇಕೋ ಬೇಡವೋ ಎಂದು ಪರೀಕ್ಷಿಸಲು ಡಿಪೋದ ಸಾಹೇಬರನ್ನೇ ಅದರಲ್ಲಿ ಕೂಡಿಸಿ ಕಳಿಸಿತ್ತು. ಊರಿಗೆ ಮುಂಚಿತವಾಗಿ ತಿಳಿಸಿರಲಿಲ್ಲ. ತಿಳಿಸಿದರೆ ಅದು ಪರೀಕ್ಷೆ ಹೇಗಾದೀತು?

ಬಸ್ಸು ಕಟ್ಟೆಯ ಮುಂದೆ ನಿಂತಿತು. ಕಂಡಕ್ಟರ್ ಇಳಿದು ಕೂಗಿದ: “ಸಿಂದಗಿ, ಸಿಂದಗಿ! ಹತ್ರಿ, ಹತ್ರಿ!”

ಕಟ್ಟೆಯ ಮೇಲಿನ ಒಂದು ಕತ್ತೂ ಅಲುಗಲಿಲ್ಲ.

“ಭಪ್ಪರೆ!” ಎಂದ ಶಂಕ್ರೆಪ್ಪ, ತುಟಿಯನ್ನು ಅಲುಗಿಸದೆ. “ಬಸ್ಸು ಎಷ್ಟು ಚಂದ ಮಾಡ್ಯಾರ ನೋಡ್ರಿ. ಖರೇದರಗತೇನ ಐತಿ. ಯಾರೂ ನೋಡಬ್ಯಾಡ್ರಿ.”

“ನೋಡಬ್ಯಾಡ್ರಿ ಅಂತೀದಿ, ನೋಡ್ರಿ ಅಂತೀದಿ, ಯಾವುದರ ಒಂದು ಹೇಳೋ,” ಎಂದಳು ಹಿಂದೆ ಕುಳಿತಿದ್ದ ಮುದುಕಿ ಲಕ್ಕವ್ವ.

ಕಂಡಕ್ಟರ್ ಹತ್ತಿರ ಬಂದ. “ಯಾಕ್ರೆಪ್ಪಾ, ಕಿವಿ ಕೇಳಂಗಿಲ್ಲೇನು? ನಿಮಗಂತ ಬಸ್ಸು ತಂದೇವಿ. ಬರ್ರಿ. ಯಜಮಾನ್ರ, ಏಳ್ರಿ!”

ಮಡಿವಾಳಪ್ಪ ಅವನ ಕಿವಿಯ ಪಕ್ಕದಿಂದ ದೂರದ ರಸ್ತೆಯನ್ನು ನೋಡಿದ. ಕಂಡಕ್ಟರ್ ತಾನೂ ಗಾಬರಿಯಿಂದ ತಿರುಗಿ ಆ ಕಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಅವನು ಬಸ್ಸಿಗೆ ಓಡಿಹೋಗಿ, “ಸಾಹೇಬ್ರ, ಊರಿಗೆ ಊರೇ ಏನೋ ಬಡಕೊಂಡು ಕುಂತೈತ್ರಿ!” ಎಂದು ವರದಿ ಮಾಡಿದ.

ಆಗ ಸಾಹೇಬರು ಇಳಿದರು. ದಪ್ಪ ಮೀಸೆ, ಕೆಂಪು ಕಣ್ಣು, ಕೈಯಲ್ಲಿ ಬೆತ್ತ. ಇದು ಇಲಾಖೆಯ ವಿರುದ್ಧ ಹೂಡಿದ ಸತ್ಯಾಗ್ರಹವೆಂದು ಅವರಿಗೆ ಹೊಳೆದಿತ್ತು.

“ಯಾರು ನಿಮ್ಮ ಲೀಡರ? ಬಸ್ಸು ಕೊಟ್ರ ಹತ್ತಂಗಿಲ್ಲ ಅಂತೀರಿ? ಇಪ್ಪತ್ತು ವರ್ಷ ನಮ್ಮ ಜೀವಾ ತಿಂದ್ರಿ. ಈಗ ಸೊಕ್ಕು? ಒಂದು ಸಲ ಕೇಳ್ತೇನಿ, ಎರಡು ಸಲ ಕೇಳ್ತೇನಿ. ಮೂರನೇ ಸಲಕ್ಕ ಈ ಊರಿನ ಹೆಸರು ಕಾಗದದಿಂದ ಕಿತ್ತು ಒಗಿತೇನಿ! ನೀವು ಸತ್ರೂ ಬಸ್ಸಿಲ್ಲ!”

ಬೆತ್ತದಿಂದ ಬಸ್ಸಿನ ತಗಡಿಗೆ ಬಡಿದರು. ಮೀಸೆ ಕುಣಿಯಿತು. ಕಂಠದ ನರ ಉಬ್ಬಿದವು. ಕಟ್ಟೆಯ ಮೇಲೆ ಮೆಚ್ಚುಗೆಯ ನಿಟ್ಟುಸಿರು ಹರಿಯಿತು.

ಇಲ್ಲಿ ನಮ್ಮ ಸೀಮೆಯ ಪದ್ಧತಿಯೊಂದನ್ನು ಹೇಳದೆ ಗತ್ಯಂತರವಿಲ್ಲ. ಬಯಲಾಟದಲ್ಲಿ ಒಬ್ಬನು ಪಾರ್ಟನ್ನು ಸೊಗಸಾಗಿ ಮಾಡಿದರೆ, ಆಟವನ್ನು ನಿಲ್ಲಿಸಿಯಾದರೂ ಅವನಿಗೆ ಆಯೇರಿ ಮಾಡಬೇಕು. ರುಮಾಲು ಸುತ್ತಿ, ಕಾಯಿ ಕೊಟ್ಟು, ಕೊಟ್ಟವನ ಹೆಸರನ್ನು ಕೂಗಿ ಹೇಳಬೇಕು. ಚೆನ್ನಾಗಿ ಮಾಡಿದವನಿಗೆ ಆಯೇರಿ ಮಾಡದ ಊರು ಕೆಟ್ಟ ಊರು.

“ಏನು ಸಿಟ್ಟಿನ ಪಾರ್ಟು ಮಾಡ್ತಾನಪಾ!” ಎಂದು ಮಡಿವಾಳಪ್ಪ ಪಿಸುಗುಟ್ಟಿದ. “ಹಿಂಗ ಬಿಟ್ಟು ಕಳಿಸಿದ್ರ ಊರಿಗೆ ಮಾನ ಉಳಿತೈತೇನು? ಶಂಕ್ರೆಪ್ಪಾ, ಆಯೇರಿ ಮಾಡೂಣು.”

“ಏಳಬಾರದಂತ ಅಪ್ಪಣಿ ಆಗೈತಿ.”

“ಎದ್ದ್ರ ತಾನ?”

ಮಡಿವಾಳಪ್ಪ ತಲೆಯ ರುಮಾಲನ್ನು ಬಿಚ್ಚಿದ. ಅದು ಕೈಯಿಂದ ಕೈಗೆ, ಮಡಿಲಿಂದ ಮಡಿಲಿಗೆ ಸಾಗಿತು. ಎಲ್ಲರ ಕಣ್ಣುಗಳೂ ದೂರದ ರಸ್ತೆಯ ಮೇಲೆ. ಲಕ್ಕವ್ವ ಗುಡಿಗೆಂದು ತಂದಿದ್ದ ಕಾಯಿ ಅದರ ಹಿಂದೆ ಹೊರಟಿತು. ಕಟ್ಟೆಯ ತುದಿಯಲ್ಲಿ ಕುಳಿತಿದ್ದ ಶಂಕ್ರೆಪ್ಪ, ಕತ್ತು ತಿರುಗಿಸದೆ, ಬರಿಯ ಅಂದಾಜಿನ ಮೇಲೆ, ತನ್ನ ಮುಂದೆ ಬಂದು ಬಗ್ಗಿ ಬೈಯುತ್ತಿದ್ದ ಸಾಹೇಬರ ತಲೆಗೆ ರುಮಾಲು ಸುತ್ತಿಬಿಟ್ಟ. ಅಂದಾಜು ಸ್ವಲ್ಪ ತಪ್ಪಿ ಒಂದು ಸುತ್ತು ಮೂಗಿನ ಮೇಲೂ ಬಂತು. ಕಾಯಿಯನ್ನು ಅವರ ಕೈಗಿಟ್ಟು ಆಕಾಶಕ್ಕೆ ಕೇಳುವಂತೆ ಕೂಗಿದ:

“ಸಿಟ್ಟಿನ ಸಾಹೇಬರ ಪಾರ್ಟು ಚಲೋ ಮಾಡಿದ್ದಕ್ಕ ಮಡಿವಾಳಪ್ಪನವರಿಂದ ಒಂದು ರುಮಾಲು! ಲಕ್ಕವ್ವನವರಿಂದ ಒಂದು ಕಾಯಿ!”

ಕಟ್ಟೆ ಚಪ್ಪಾಳೆ ತಟ್ಟಿತು, ರಸ್ತೆಯನ್ನು ನೋಡುತ್ತ.

ಇಪ್ಪತ್ತೈದು ವರ್ಷದ ಸೇವೆಯಲ್ಲಿ ಸಾಹೇಬರ ಬೈಗುಳಕ್ಕೆ ಇಂಥ ಸನ್ಮಾನ ಎಲ್ಲಿಯೂ ದೊರೆತಿರಲಿಲ್ಲ. ರುಮಾಲನ್ನು ಕಿತ್ತು ರಸ್ತೆಗೆಸೆದು ಬಸ್ಸು ಹತ್ತಿದರು. ಅವಸರದಲ್ಲಿ ಕಾಯಿ ಅವರ ಕೈಯಲ್ಲಿಯೇ ಉಳಿಯಿತು. ಆ ಕಾಯಿಯ ಬಗೆಗೆ ಲಕ್ಕವ್ವ ಇಂದಿಗೂ ವಿಚಾರಿಸುತ್ತಾಳೆ.

ಹೊಲದಲ್ಲಿ ರುಕ್ಮವ್ವ ಧೂಳನ್ನು ಕಂಡಿದ್ದಳು. ಅವಳಿಗೆ ಸಿನೆಮಾ ಶಾಸ್ತ್ರ ತಿಳಿಯದಾದ್ದರಿಂದ ಬಸ್ಸನ್ನು ಬಸ್ಸೆಂದೇ ತಿಳಿದಳು. ಮಗಳ ಕೈ ಹಿಡಿದು, ಸೆರಗು ಬಿಗಿದು, ಎರೆಮಣ್ಣಿನಲ್ಲಿ ಎದ್ದುಬಿದ್ದು ಓಡಿಬಂದಳು. ಅವಳು ರಸ್ತೆ ಮುಟ್ಟುವುದಕ್ಕೂ ಬಸ್ಸು ತಿರುಗಿ ಹೊರಡುವುದಕ್ಕೂ ಸರಿಹೋಯಿತು. ತಾಯಿ ಮಗಳಿಬ್ಬರೂ ಕೈಬೀಸಿ ಕೂಗುತ್ತ ಅದರ ಹಿಂದೆ ಹಳ್ಳದವರೆಗೆ ಓಡಿದರು. ಸಾಹೇಬರು ತಿರುಗಿ ನೋಡಲಿಲ್ಲ. ಮತ್ತೇನಾದರೂ ಸನ್ಮಾನ ಬಂದೀತೆಂಬ ಭಯ.

ರುಕ್ಮವ್ವ ಏದುಸಿರು ಬಿಡುತ್ತ ಕಟ್ಟೆಗೆ ಬಂದಳು. “ಯಾಕ ಹತ್ತಲಿಲ್ಲ? ಒಬ್ಬರರ ಯಾಕ ಹತ್ತಲಿಲ್ಲ?”

“ಸುಮ್ಮನ ಕೂಡ, ಇನ್ನೂ ತಗಿಯಾಕತ್ತಾರ,” ಎಂದ ಶಂಕ್ರೆಪ್ಪ. “ಅದು ಸಿನೆಮಾದ ಬಸ್ಸು.”

“ಅಪ್ಪಾ,” ಎಂದಳು ರೇಣವ್ವ, “ಬಸ್ಸಿನ ಹಿಂದ ಬೋರ್ಡಿತ್ತು. ಸಿಂದಗಿ–ಜೋಡಬೇವನಾಳ ಅಂತ ಬರದಿತ್ತು.”

“ಬಣ್ಣದ ಬೋರ್ಡು ಬರಿಯೂದು ಅವರಿಗೇನು ದೊಡ್ಡದು, ತಂಗೀ?”

ಊರಿನಲ್ಲಿ ಅಕ್ಷರ ಬಲ್ಲವಳು ಆ ಹೊತ್ತಿಗೆ ಅವಳೊಬ್ಬಳೇ ಅಲ್ಲ. ಆದರೆ ಓದಿದವಳು ಅವಳೊಬ್ಬಳೇ. ಉಳಿದವರು ದೂರದ ರಸ್ತೆಯನ್ನು ನೋಡುತ್ತಿದ್ದರು.

ಮುಂದಿನ ಸಂತೆಗೆ ಸಿಂದಗಿಗೆ ಹೋದವರಿಗೆ ಸತ್ಯ ತಿಳಿಯಿತು. ತಿಳಿಸಿದವನು ಆ ಕಂಡಕ್ಟರನೇ. ಅವನು ಅದನ್ನು ಸಂತೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದ. ಬಸ್ಸು ರದ್ದಾಗಿತ್ತು. ‘ಜನರಿಗೆ ಬಸ್ಸಿನಲ್ಲಿ ಆಸಕ್ತಿಯಿಲ್ಲ, ಅಧಿಕಾರಿಗಳನ್ನು ಗೇಲಿ ಮಾಡುವುದರಲ್ಲಿ ಆಸಕ್ತಿಯಿದೆ’ ಎಂದು ಸಾಹೇಬರು ಮೇಲಕ್ಕೆ ತಿಳಿಸಿದ್ದರು.

ರಾತ್ರಿಯಿಡೀ ರುಕ್ಮವ್ವ ಆಡಿದ ಮಾತುಗಳನ್ನು ಶಾಲಾ ಮಕ್ಕಳೂ ಓದಬಹುದಾದ ಈ ಬರಹದಲ್ಲಿ ಕೊಡಲಾರೆ. ಶಂಕ್ರೆಪ್ಪನ ಉತ್ತರವನ್ನು ಕೊಡಬಹುದು: “ಖರೇ ಬಸ್ಸು ಅಂತ ಹೆಂಗ ಗೊತ್ತಾಗಬೇಕು? ಖರೇ ಬಸ್ಸು ನಮ್ಮೂರಾಗ ಯಾರು ನೋಡ್ಯಾರ?”

ನಿರ್ದೇಶಕರನ್ನು ಕರೆದೊಯ್ದು ಸಾಹೇಬರಿಗೆ ತಪ್ಪೊಪ್ಪಿಸುವುದೆಂದು ಊರು ತೀರ್ಮಾನಿಸಿತು. ನಿರ್ದೇಶಕರು ಹೋದರು, ಸಾಹೇಬರ ಎರಡೂ ಕೈ ಹಿಡಿದುಕೊಂಡರು. “ಕ್ಷಮೆ ಕೇಳಲು ಬಂದಿಲ್ಲ, ಕೃತಜ್ಞತೆ ಹೇಳಲು ಬಂದೆ. ಎಲ್ಲವೂ ಚಿತ್ರೀಕರಣವಾಗಿದೆ. ಬಸ್ಸು ಬರಬಾರದೆಂಬ ನನ್ನ ಕಥೆಯನ್ನೇ ನೀವು ಬದಲಾಯಿಸಿದಿರಿ. ನಿಮ್ಮಂಥ ಸಹಜ ನಟರು ನಮ್ಮಲ್ಲಿ ಇಲ್ಲ.” ಡಿಪೋದ ಅಂಗಳದಲ್ಲಿ ಅವರಿಬ್ಬರೂ ಓಡಿದ್ದನ್ನು ಕಂಡವರಿದ್ದಾರೆ. ಮುಂದೆ ನಿರ್ದೇಶಕರು, ಹಿಂದೆ ಬೆತ್ತ.

ದುರ್ಗವ್ವ ಮುದ್ದೇಬಿಹಾಳದಿಂದ ಹೊಸ ಸೀರೆಯೊಡನೆ ಬಂದಳು. ರುಕ್ಮವ್ವ ಅವಳ ಕಾಲು ಹಿಡಿದಳು. “ಬಸ್ಸು ಬಂದದ್ದಂತೂ ಖರೇ ಅಕ್ಕಾರ. ನಿಮ್ಮ ತಮ್ಮ ಹತ್ತಲಿಲ್ಲ, ಅಷ್ಟ. ಒಂದು ವರ್ಷ ತಡೀರಿ.” ತಮ್ಮನ ತಪ್ಪೆಂಬ ಮಾತಿಗೆ ದುರ್ಗವ್ವ ಒಂದು ವರ್ಷದ ಗಡುವು ಕೊಟ್ಟು ಸೀರೆಯನ್ನು ಮರಳಿ ಗಂಟಿಗೆ ಕಟ್ಟಿದಳು. ರೇಣವ್ವ ಆ ವರ್ಷವೆಲ್ಲ ನನ್ನ ಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತು, ಕಲಿತದ್ದನ್ನೇ ಮತ್ತೆ ಕಲಿತಳು.

ಇತ್ತ ಚಿತ್ರಕ್ಕೆ ದಿಲ್ಲಿಯಲ್ಲಿ ಪ್ರಶಸ್ತಿ ಬಂತು. ಎದುರಿಗೆ ಬಂದು ನಿಂತ ಬಸ್ಸನ್ನೂ ಹತ್ತದೆ ಶೂನ್ಯವನ್ನು ನೋಡುವ ಜನ ಮನುಕುಲದ ಪ್ರತೀಕವೆಂದು ವಿಮರ್ಶಕರು ಬರೆದರು. ಅಧಿಕಾರದ ಮೂಗಿಗೆ ಸುತ್ತಿದ ರುಮಾಲು ಈ ದಶಕದ ಅತಿ ಗಂಭೀರ ಪ್ರತಿಮೆಯಂತೆ. ಬಸ್ಸಿನ ಹಿಂದೆ ಓಡುವ ತಾಯಿ ಮಗಳ ನಟನೆ ಮಾತ್ರ ಸ್ವಲ್ಪ ಅತಿಯಾಯಿತಂತೆ.

ಸಿಂದಗಿಯ ಡೇರೆ ಟಾಕೀಸಿಗೆ ಚಿತ್ರ ಬಂದಾಗ ಜೋಡಬೇವನಾಳ ಬಂಡಿ ಕಟ್ಟಿಕೊಂಡು ಹೋಯಿತು. ಪರದೆಯ ಮೇಲೆ ಬಸ್ಸು ಬಂದೊಡನೆ ಸಿಂದಗಿಯ ಜನ ಎದ್ದು ನಿಂತು, “ಹತ್ರೋ! ಏ ಹತ್ರೋ, ಹುಚ್ಚಪ್ಪಗೋಳ್ರ್ಯಾ!” ಎಂದು ಕೂಗಿದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಮಡಿವಾಳಪ್ಪ. ಪರದೆಯ ಮೇಲಿನ ಮಡಿವಾಳಪ್ಪ ಈ ಸಲವೂ ಹತ್ತಲಿಲ್ಲ.

ಈ ಚಿತ್ರವನ್ನು ಬೆಂಗಳೂರಿನಲ್ಲಿ ಮಂತ್ರಿಗಳೊಬ್ಬರು ನೋಡಿದರು. ಕರವಸ್ತ್ರ ಒದ್ದೆಯಾಗುವಷ್ಟು ಅತ್ತರಂತೆ. ಆ ಬಡಜನ ಬಿಸಿಲಲ್ಲಿ ಕುಳಿತು ಕಾಯುವುದನ್ನು ನೋಡಲಾರೆ ಎಂದು ಎದೆ ಮುಟ್ಟಿಕೊಂಡರು. ಅಲ್ಲಿಯೇ ಆಜ್ಞೆಯಾಯಿತು. ಜೋಡಬೇವನಾಳಕ್ಕೆ ಒಂದು ತಂಗುದಾಣ! ಸಿಮೆಂಟಿನ ಬೆಂಚು, ತಗಡಿನ ಮಾಡು, ಮಂತ್ರಿಗಳ ಹೆಸರಿನ ಕಲ್ಲು. ಎಲ್ಲವೂ ಒಂದೇ ತಿಂಗಳಲ್ಲಿ ಎದ್ದು ನಿಂತವು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಚಿತ್ರದಲ್ಲಿ ಬಸ್ಸಿಗೆ ಬೇಡಿಕೆಯಿರಲಿಲ್ಲವಷ್ಟೆ.

ಉದ್ಘಾಟನೆಯ ದಿನ ಜೂನ್ ತಿಂಗಳ ಮೊದಲ ಸೋಮವಾರ. ಹೈಸ್ಕೂಲು ತೆರೆಯುವ ದಿನವೂ ಅದೇ, ದುರ್ಗವ್ವ ಕೊಟ್ಟ ಗಡುವು ಮುಗಿಯುವ ದಿನವೂ ಅದೇ. ಅವಳು ಹಸಿರು ಸೀರೆ, ಕುಪ್ಪಸ, ಅಕ್ಕಿಕಾಳುಗಳ ಸಮೇತ ತಂಗುದಾಣದ ಹೊಸ ಬೆಂಚಿನ ಮೇಲೆಯೇ ಕುಳಿತಿದ್ದಳು. ಶಂಕ್ರೆಪ್ಪ ಹಳೆಯ ಗಡ್ಡವನ್ನು ಮತ್ತೆ ಬೆಳೆಸಿ ಪಕ್ಕದಲ್ಲಿ ಕುಳಿತಿದ್ದ. ಮಂತ್ರಿಗಳು ರಿಬ್ಬನ್ ಕತ್ತರಿಸಿ, ಕಾಯುವಿಕೆ ಭಾರತೀಯ ಸಂಸ್ಕೃತಿಯ ಸಾರವೆಂದು ಮುಕ್ಕಾಲು ತಾಸು ವಿವರಿಸಿದರು. ಇಂಡಿಯಿಂದ ಕರೆಸಿದ್ದ ಫೋಟೋದ ರಾವಸಾಬ ಅವರ ಮುಂದೆ ಹಿಂದೆ ಕುಣಿಯುತ್ತಿದ್ದ.

“ನಿಮಗೆ ಇನ್ನೇನಾದರೂ ಬೇಕೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಂತ್ರಿಗಳು ಜೀಪಿನ ಕಡೆ ನಡೆದರು. ಕಾಯುವುದು ಜನರ ಸಂಸ್ಕೃತಿಯೇ ಹೊರತು ಮಂತ್ರಿಗಳದಲ್ಲ.

ಜೀಪಿನ ಹಿಂದಿನ ಸೀಟಿನಲ್ಲಿ ಆಗಲೇ ರೇಣವ್ವ ಕುಳಿತಿದ್ದಳು. ಎಣ್ಣೆ ಹಚ್ಚಿ ಹೆಣೆದ ಜಡೆ, ಮಡಿಲಲ್ಲಿ ಪಾಟಿಚೀಲ, ಕೈಯಲ್ಲಿ ರೊಟ್ಟಿಯ ಬುತ್ತಿ. ಬಾಗಿಲು ಹಿಡಿದು ರುಕ್ಮವ್ವ ನಿಂತಿದ್ದಳು.

“ಸಾಹೇಬ್ರ, ನೀವು ಸಿಂದಗಿ ಮ್ಯಾಲೇ ಹೊಂಟೀರಲ್ರಿ. ಹುಡಿಗಿನ್ನ ಹೈಸ್ಕೂಲಿನ ಮುಂದ ಇಳಿಸಿಬಿಡ್ರಿ. ಹೆಸರು ಹಚ್ಚೂದೈತಿ. ಮಾಸ್ತರ್ನೂ ಕೂಡಿಸಿಕೊಳ್ರಿ, ದಾಖಲೆ ಅವರ ಹತ್ರ ಐತಿ.”

“ಏ ಏ, ಇಳಿಸ್ರಿ ಅಕಿನ್ನ!” ಎಂದು ಕಾರ್ಯದರ್ಶಿಯೊಬ್ಬ ಓಡಿಬಂದ.

“ನನ್ನ ಸೊಸಿ ಹೊಂಟ್ಲಪೋ!” ಎಂದು ಅಕ್ಕಿಕಾಳು ಚೆಲ್ಲುತ್ತ ದುರ್ಗವ್ವ ಓಡಿಬಂದಳು.

“ಅವ್ವಾ, ನಾ ಇಳಿಯಂಗಿಲ್ಲ,” ಎಂದಳು ರೇಣವ್ವ, ಬುತ್ತಿಯನ್ನು ಎದೆಗವಚಿಕೊಂಡು. “ಹೋದ ಸಲ ಹತ್ತದವರದ್ದು ಏನಾತು ನೋಡೇನಿ.”

ಅಷ್ಟರಲ್ಲಿ ರಾವಸಾಬನ ಕ್ಯಾಮೆರಾ ಬೆಳಗಿತು. ಮಂತ್ರಿಗಳು ಆ ಬೆಳಕಿನಲ್ಲಿ ತತ್‌ಕ್ಷಣ ಕರುಣಾಮಯಿಗಳಾದರು. ರೇಣವ್ವನ ತಲೆಯ ಮೇಲೆ ಕೈಯಿಟ್ಟರು. ಇನ್ನೊಮ್ಮೆ ಬೆಳಗಿತು. “ಈ ಮಗು ನಾಳೆಯಿಂದ ದಿನವೂ ಹೋಗಬೇಕು. ನಾಳೆಯೇ ಬಸ್ಸು ಬರಬೇಕು!” ಎಂದು ಗುಡುಗಿದರು. ನಾನು ದಾಖಲೆಯೊಡನೆ ಜೀಪು ಹತ್ತಿದೆ. ಎಣಿಕೆಗೆ ಬಾರದಷ್ಟು ಬಾರಿ ನಡೆದ ರಸ್ತೆಯನ್ನು ಮೊದಲ ಸಲ ಕುಳಿತು ನೋಡಿದೆ. ಬಹಳ ಸಣ್ಣ ರಸ್ತೆ.

ಫೋಟೋ ಪತ್ರಿಕೆಯಲ್ಲಿ ಬಂತು. ಬಸ್ಸೂ ಬಂತು. ಇಪ್ಪತ್ತು ವರ್ಷ ಅಗತ್ಯಕ್ಕೆ ಬಾರದ ಬಸ್ಸು ಒಂದು ಛಾಯಾಚಿತ್ರಕ್ಕೆ ಬಂದ ದೇಶದಲ್ಲಿ ನಾನು ಮಕ್ಕಳಿಗೆ ‘ಬೇಡಿದರೆ ದೊರೆಯುತ್ತದೆ’ ಎಂಬ ನೀತಿಯನ್ನು ಯಾವ ಮುಖದಿಂದ ಬೋಧಿಸಲಿ?

ಮರುದಿನ ಬೆಳಿಗ್ಗೆ ಕಂಡಕ್ಟರ್ ಅವನೇ. ಇಳಿದವನು ಒಂದು ಕ್ಷಣ ಅಂಜಿ, ಬಾಗಿಲನ್ನು ಬಿಡದೆ ಮೆಲ್ಲಗೆ, “ಸಿಂದಗಿ…” ಎಂದ. ಊರು ಒಂದೇ ಸಲಕ್ಕೆ ಮೇಲೆ ಬಿತ್ತು. ರುಕ್ಮವ್ವ ಮೊಳಕೈಯಿಂದ ದಾರಿ ಮಾಡಿ ರೇಣವ್ವನನ್ನು ಕಿಟಕಿಯ ಬಳಿ ಕೂಡಿಸಿದಳು. ಮುದ್ದೇಬಿಹಾಳಕ್ಕೆ ಮರಳುವ ದುರ್ಗವ್ವನೂ ಹತ್ತಿದಳು. ಲಗ್ನ ತಪ್ಪಿದರೂ ನಡಿಗೆ ತಪ್ಪಿತಲ್ಲ ಎಂಬ ಸಮಾಧಾನ ಮುಖದಲ್ಲಿತ್ತು. ಕಾಯಿಯ ವಿಚಾರಣೆಗೆಂದು ಲಕ್ಕವ್ವ ಡಿಪೋಗೆ ಹೊರಟಳು.

ತಂಗುದಾಣದ ಬೆಂಚಿನ ಮೇಲೆ ಒಬ್ಬನೇ ಉಳಿದ. ಬೆನ್ನು ನೆಟ್ಟಗೆ, ಗಡ್ಡ ಪೂರ್ಣ, ದೃಷ್ಟಿ ಬಸ್ಸಿನಾಚೆ, ದೂರದ ರಸ್ತೆಯ ಮೇಲೆ.

“ಯಜಮಾನ್ರ, ಬಸ್ಸು ಹೊಂಟೈತಿ. ಬರ್ತೀರೇನು?” ಎಂದು ಕಂಡಕ್ಟರ್ ಕೇಳಿದ.

ಶಂಕ್ರೆಪ್ಪ ತುಟಿಯನ್ನು ಅಲುಗಿಸದೆ ಉತ್ತರಿಸಿದ:

“ನೀವು ನಡೀರಿ. ನಂದು ಕಾಯೂ ಪಾರ್ಟು.”